ಮೆತ್ತನೆ ನೆಲದ ಕಂಬ

ನಗುವವರು ನಗಿ. ಇದು ಅವರಿವರಿಗೆ ಆಗಿದ್ದಲ್ಲ, ನನ್ನ ಚಿಕ್ಕಮ್ಮನ ಮಗ ಎಲ್ರಿಕ್‌ಗೆ ಆಗಿದ್ದು. ಕತ್ತಲಲ್ಲಿ ಒಬ್ಬನೇ ಮನೆಗೆ ಬರುತ್ತಿದ್ದ. ದೊಡ್ಡ ಬೂರುಗದ ಮರ ದಾಟಬೇಕು, ಅಷ್ಟರಲ್ಲಿ ಹಿಂದೆ ಸದ್ದು. ಟಕ್... ಟಕ್... ಟಕ್. ದೋಣಿ ಕಟ್ಟುವವರ ಮರದ ಕೊಡತಿ ಉಳಿಯ ಮೇಲೆ ಬೀಳುವ ಸದ್ದು.

ಎಲ್ರಿಕ್ ಅಲ್ಲೇ ನಿಂತ. ಬೆಳಿಗ್ಗೆ ತಾನು ಏನು ಮಾಡಿದ್ದೆ ಅಂತ ಅವನಿಗೆ ಗೊತ್ತಿತ್ತು.

ಅವನು ಫೋನ್ ಕಂಪನಿಯ ಲೈನ್‌ಮನ್. ಚಂಡಮಾರುತ ಬಂದು ನಮ್ಮ ಕ್ಯಾರಿಯಾಕೂ ದ್ವೀಪದ ಕಂಬಗಳನ್ನೆಲ್ಲ ಮಲಗಿಸಿ ಹೋಗಿತ್ತು. ಅವನ ಹೆಂಡತಿ ಝೀನಾ ಸಮುದ್ರದಾಚೆ ಗ್ರೆನಡಾದ ಆಸ್ಪತ್ರೆಯಲ್ಲಿ ಹೆತ್ತಿದ್ದಳು. ಹೆಣ್ಣು ಮಗು ಅಂತ ದೋಣಿಯವರು ಬಂದು ಹೇಳಿದ್ದರು. ಮಗಳ ಅಳು ಒಂದು ಸಲ ಕಿವಿಗೆ ಬಿದ್ದರೆ ಸಾಕು ಅಂತ ಇವನು ಊಟ ನಿದ್ದೆ ಬಿಟ್ಟು ಗುಂಡಿ ತೋಡುತ್ತಿದ್ದ. ಎಲ್ಲಿ ಅಗೆದರೂ ಬಂಡೆ. ಕೊನೆಯ ಕಂಬಕ್ಕೆ ಮೆತ್ತನೆ ನೆಲ ಸಿಕ್ಕಿದ್ದು ಕ್ಲೆಮಿ ಅಕ್ಕನ ಅಂಗಳದ ಆಚೆ. ಮೆತ್ತಗಿರದೆ ಇನ್ನೇನು? ದೋಣಿ ಕಟ್ಟುತ್ತಿದ್ದ ಅವಳಪ್ಪ ಅಂಬ್ರೋಸ್ ಮಾಮನನ್ನು ಅಲ್ಲೇ ಹೂತಿದ್ದರು. ನಮ್ಮಲ್ಲಿ ಗೋರಿಕಲ್ಲು ಇಡುವುದು ಎಷ್ಟೋ ವರ್ಷ ಆದಮೇಲೆ, ಊರಿಗೆಲ್ಲ ಊಟ ಹಾಕಿ. ಅಲ್ಲಿಯವರೆಗೆ ಸತ್ತವರು ಸರಿಯಾಗಿ ಮಲಗುವುದಿಲ್ಲ.

"ಕಲ್ಲಿಲ್ಲ ಅಂತ ಅಪ್ಪಾನೂ ಇಲ್ಲ ಅನ್ಕೊಂಡ್ಯೇನೋ?" ಅಂದಳು ಕ್ಲೆಮಿ ಅಕ್ಕ. "ಒಂದು ತೊಟ್ಟು ರಮ್ಮಾದ್ರೂ ನೆಲಕ್ಕೆ ಸುರಿದು ಅಪ್ಪನ ಅಪ್ಪಣೆ ಕೇಳೋ."

"ಬಿಡಕ್ಕಾ, ಮಾಮಂಗೂ ಒಂದು ಫೋನ್ ಕೊಡ್ಸೋಣ," ಅಂದ ಇವನು. ಹಾರೆ ಎತ್ತಿ ಹಾಕಿದ. ಕೆಳಗೆ ಶವಪೆಟ್ಟಿಗೆಯ ಹಲಗೆ ಮುರಿಯಿತು... ಲಟಕ್. ಆದರೂ ಕಂಬ ಇಳಿಸಿದ.

ಈಗ ಮರದ ಕೆಳಗೆ ಪಿಸುಗುಟ್ಟಿದ. "ಯಾರದು?"

"ಎದೆ ಮೇಲೆ ಕಂಬ ನೆಟ್ಟೆಯಲ್ಲೋ..."

"ಮಾಮ... ಮಗಳ ದನಿ ಕೇಳ್ಬೇಕಿತ್ತು."

"ನನ್ನ ಮಗಳು ಹೇಳಿದ್ದು ಕೇಳಿಸ್ಲಿಲ್ವಾ?"

ಮೊದಲ ಪೆಟ್ಟು ಮೊಣಕಾಲಿಗೆ. ಧಡ್. ಇನ್ನೊಂದು ಪಕ್ಕೆಗೆ, ಒಣ ಕಡ್ಡಿ ಮುರಿದ ಹಾಗೆ ಮೂಳೆ ಮುರಿಯಿತು. ತೆವಳಿದ. ಕೂದಲು ಹಿಡಿದು ಹಿಂದಕ್ಕೆ ಎಳೆಯಿತು. ತಲೆಯನ್ನು ಬೇರಿಗೆ ಒತ್ತಿ ಕತ್ತಿನ ಮೇಲೆ ಮಂಡಿ ಊರಿತು. ಆಮೇಲೆ... ಕಿವಿಗೆ ಉಳಿ ಇಟ್ಟಿತು. ಟಕ್. ಟಕ್. ಟಕ್. ಅವನು ಕೇಳಿದ ಕೊನೆಯ ಸದ್ದು ಅದು.

ಬೆಳಿಗ್ಗೆ ಅವನನ್ನು ಎತ್ತಿದವರಲ್ಲಿ ನಾನೂ ಇದ್ದೆ. ಜೀವ ಇತ್ತು. ಮರದ ಬೇರೆಲ್ಲ ರಕ್ತ. ದೋಣಿಯ ಹಲಗೆ ಸಂದಿಗೆ ತುರುಕುವ ಹತ್ತಿಯನ್ನು ಎರಡೂ ಕಿವಿಗೆ ಬಡಿದು, ಮೇಲೆ ಡಾಂಬರು ಬಳಿದಿತ್ತು. ಅಷ್ಟು ಅಚ್ಚುಕಟ್ಟಾದ ಕೆಲಸ ಅಂಬ್ರೋಸ್ ಮಾಮನದು ಬಿಟ್ಟರೆ ಇನ್ಯಾರದೂ ನಾನು ನೋಡಿಲ್ಲ.

ಕಂಬ ಕಿತ್ತು, ಬಂಡೆ ಒಡೆದು ಬೇರೆ ಕಡೆ ನೆಟ್ಟೆವು. ಲೈನ್ ಬಂತು. ಝೀನಾ ಫೋನ್ ಮಾಡಿದಳು. ಎಲ್ರಿಕ್ ರಿಸೀವರನ್ನು ಕಿವಿಗೆ ಒತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಮಗು ಅಳುತ್ತಿತ್ತು. ಪಕ್ಕದಲ್ಲಿ ನಿಂತ ನನಗೆ ಕೇಳುತ್ತಿತ್ತು, ಅವನಿಗಿಲ್ಲ.

ಕುಡಿದು ಜಗಳ ಆಡಿ ಹೊಡೆಸಿಕೊಂಡ ಅನ್ನುವವರಿದ್ದಾರೆ. ಅನ್ನಲಿ. ದೋಣಿ ಕಟ್ಟುವ ಚಪ್ಪರಗಳೆಲ್ಲ ಗಾಳಿಗೆ ಹಾರಿಹೋಗಿದ್ದವು, ದ್ವೀಪದಲ್ಲಿ ಎಲ್ಲೂ ಯಾರೂ ಡಾಂಬರು ಕಾಯಿಸಿರಲಿಲ್ಲ. ಅವತ್ತು ಬೆಳಿಗ್ಗೆ ಅವನ ಕಿವಿ ಮುಟ್ಟಿದ್ದು ಈ ಬೆರಳು. ಬೊಬ್ಬೆ ಎದ್ದ ಕಲೆ ಇನ್ನೂ ಇದೆ, ನೋಡಿ... ಡಾಂಬರು ಬಿಸಿಯಾಗಿತ್ತು.