ಬ್ರೆಡ್ಡಿನ ಮೇಲೆ ಶಿಲುಬೆ

ಫ್ರಾನ್ಸಿನ ಹಡಗಿನಿಂದ ಇಳಿದವರು ರಿಂಗಾಸ್ಕಿಡಿ ಬಂದರಿನಲ್ಲಿ ಕಾರ್ಕ್ ನಗರದ ಬಸ್ಸಿಗೆ ಸಾಲು ನಿಂತಿದ್ದರು. ರಾತ್ರಿ ಪಾಳಿ ಮುಗಿಸಿ ನಾನೂ ನಿಂತಿದ್ದೆ. ಮುಂದಿದ್ದ ತಾಯಿ-ಮಗಳ ಮಾತು ಕನ್ನಡವಾಗಿತ್ತು. ಗಂಡ ಹೋದ ಮೇಲೆ ನನಗೆ ಕನ್ನಡ ಕೇಳುವುದು ಅಪರೂಪ; ಕಿವಿ ಕೊಟ್ಟೆ.

"ಅಮ್ಮಾ, ಹಡಗು ಇಳಿದ್ಮೇಲೆ ಹೇಳ್ತೀನಿ ಅಂತ ನೀನೇ ಅಂದಿದ್ದೆ. ಯಾನ್‌ನ ಮದುವೆ ಆಗ್ಲಾ, ಬೇಡ್ವಾ?"

"ಭಾನುವಾರ ಅವನ ಮನೆಯವರು ಚರ್ಚಿನ ಪೂಜೆಗೆ ಕರೀತಾರೆ ಅಂತ ರೇಷ್ಮೆ ಸೀರೆ ಉಟ್ಟು ಕೂತಿದ್ದೆ. ಅವನಪ್ಪ ನನ್ನ ಸಂತೆಗೆ ಕರ್ಕೊಂಡು ಹೋದ್ರು!"

"ಆ ಮನೇಲಿ ಯಾರೂ ಚರ್ಚಿಗೆ ಹೋಗಲ್ಲ ಅಂತ ಮೊದ್ಲೇ ಹೇಳಿದ್ನಲ್ಲಮ್ಮ."

"ಅದಕ್ಕೇ ಬೇಡ ಅನ್ನೋಳಿದ್ದೆ."

"ಆಮೇಲೆ?"

"ಊಟಕ್ಕೆ ಕೂತಾಗ ಅವನಪ್ಪ ಬ್ರೆಡ್ ಕುಯ್ಯೋ ಮುಂಚೆ, ಅದರ ಬೆನ್ನಿಗೆ ಚಾಕು ತುದೀಲಿ ಶಿಲುಬೆ ಗೀರಿದ್ರು."

"ಅದು ಬರೀ ಅಭ್ಯಾಸ ಅಂತಾರೆ ಅವರು."

"ನಂಗೂ ಹಾಗೇ ಅಂದ್ರು. ಅವರಮ್ಮ ಮಾಡ್ತಿದ್ರಂತೆ. ನಿಮ್ಮಜ್ಜೀನೂ ಮುದ್ದೆ ತಿರುವಿ, ಕೋಲಲ್ಲಿ ಶಿಲುಬೆ ಎಳೀದೆ ಯಾರ ತಟ್ಟೆಗೂ ಹಾಕ್ತಿರ್ಲಿಲ್ಲ. ಪಕ್ಕದ್ಮನೆಯವರು ನಗೋರು. ವಾರವಾರ ಪೂಜೆಗೆ ಹೋಗೋ ನಾನು ನಾಚ್ಕೊಂಡು ಅದನ್ನ ಬಿಟ್ಬಿಟ್ಟೆ. ಆ ಮನುಷ್ಯ ಬಿಟ್ಟಿಲ್ಲ ನೋಡು."

"ಅಂದ್ರೆ ಒಪ್ಪಿಗೇನಾ?"

"ಹಾಸನದಲ್ಲಿ, ನಮ್ಮ ಚರ್ಚಲ್ಲೇ ಮದುವೆ. ಪಾತ್ರೇಲಿರೋ ಮುದ್ದೆ ಮೇಲೆ ಬೀಗರ ಕೈಲೇ ಶಿಲುಬೆ ಹಾಕಿಸ್ತೀನಿ. ಅವತ್ತು ನಕ್ಕೋರೆಲ್ಲ ಬಂದು ನೋಡ್ಲಿ!"

ಬಸ್ಸು ಬಂತು. ಮಗಳು ಎರಡೂ ಸೂಟ್‌ಕೇಸ್ ತಾನೇ ಎತ್ತಿಕೊಂಡಳು. ತಾಯಿ ಸೆರಗು ಸರಿಮಾಡಿಕೊಂಡು, ಮದುವೆ ಮನೆಗೆ ಹೊರಟವರಂತೆ ಹತ್ತಿದರು.