ಟೇಕ್ ಪಾಠಕ್ಕೆ ನಾಲ್ಕು ಹಸಿರು ಬಳೆ

ಗದಗ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಹೊಂಬಳದ ಬಸ್ಸಿಗೆ ಕಾಯುತ್ತಿದ್ದರು. ಒಬ್ಬರು ಬಳೆ ಮಾರುವ ಶಮಶಾದಬಿ. ಇನ್ನೊಬ್ಬಳು ಅವರ ಓಣಿಯ ಹುಡುಗಿ ಅಂಕಿತಾ. ಅವಳ ತೊಡೆಯ ಮೇಲೆ ದಪ್ಪ ಡಿಕ್ಷನರಿ ತೆರೆದಿತ್ತು.

“ನಾಳೆ ಸಾಲ್ಯಾಗ ಟೀಚರಾಗಿ ನಂದು ಮೊದಲನೇ ದಿನ, ಆಯಿ. ಇಂಗ್ಲಿಷಿನ ‘ಟೇಕ್’ ಅನ್ನೋದು ಕಲಸಬೇಕು. ಅದೊಂದಕ್ಕ ಎರಡು ಪುಟ ಅರ್ಥ ಅದಾವ.”

“ಅಂಥಾದ್ದೇನೈತಿ ಅದರಾಗ?”

“ಗುಳಿಗಿ ನುಂಗೋದೂ ಟೇಕ್, ಬಸ್ ಹಿಡಿಯೋದೂ ಟೇಕ್, ಫೋಟೋ ತೆಗಿಯೋದೂ ಟೇಕ್.”

“ಎಲ್ಲಾ ಒಂದ ದಿನ ಹೇಳ್ತಿ?”

“ಹೇಳ್ಲಿಲ್ಲಂದ್ರ ಟೀಚರಗ ಬರೂದಿಲ್ಲ ಅಂತಾರ.”

“ನನ್ನ ಬುಟ್ಟ್ಯಾಗ ಇಪ್ಪತ್ತು ಡಜನ್ ಬಳಿ ಅದಾವ. ಒಬ್ಬಾಕಿ ಕೈಗೆ ಅಷ್ಟೂ ಇಡಸ್ತೀನೇನು? ಕೈ ಒತ್ತಿ ನೋಡಿ, ಕೂಡೋವಷ್ಟ ಇಡಸ್ತೀನಿ. ನಾಳೆ ಗುಳಿಗಿ ನುಂಗಸು. ಬಸ್ ನಾಡಿದ್ದ ಹಿಡಸು.”

ಅಂಕಿತಾ ನಕ್ಕು ಪುಸ್ತಕ ಮುಚ್ಚಿದಳು. ಶಮಶಾದಬಿ ಅವಳ ಕೈ ಒತ್ತಿ ನೋಡಿ, ಅಳತೆ ಕೇಳದೆಯೇ ನಾಲ್ಕು ಹಸಿರು ಬಳೆ ತೊಡಿಸಿದರು. ಅಷ್ಟರಲ್ಲಿ ಬಸ್ ಬಂತು.

“ಖರೆ ಹೇಳ್ಲಿ, ಆಯಿ? ಈಗ ಕೈ ನಡಗಾಕತ್ತಾವ. ನಾಳೆ ಕ್ಲಾಸಿನ್ಯಾಗ ಬಳಿ ಸಪ್ಪಳ ಮಾಡಿದ್ರ?”

“ಮಾಡ್ಲಿ. ಜಲ್ದಿ ಜಲ್ದಿ ಬೋರ್ಡ್ ಮ್ಯಾಲ ಬರಿ. ಬರಿಯೋದಕ್ಕ ಸಪ್ಪಳ ಆಗಾಕತ್ತೈತಿ ಅನ್ಕೋತಾವ ಹುಡುಗ್ರು.”

ಇಬ್ಬರೂ ಬುಟ್ಟಿಗೆ ಕೈ ಕೊಟ್ಟು ಬಸ್ ಹತ್ತಿದರು. ಬಸ್ ಹೊರಡುವಾಗ ನೋಡಿದೆ: ಕಿಟಕಿಯ ಕಂಬಿ ಹಿಡಿದ ಕೈಯಲ್ಲಿ ಹಸಿರು ಬಳೆಗಳು ಅಲುಗುತ್ತಿದ್ದವು. ಬಸ್ಸಿನ ಕುಲುಕಾಟಕ್ಕೇ ಇರಬೇಕು ಅಂದುಕೊಂಡೆ.