ಕೊಳದ ತಳದ ಎರಡು ಇಟ್ಟಿಗೆ

ಆ ರಾತ್ರಿ ನಮ್ಮ ಪಕ್ಕದ ಮನೆಯ ದರ್ಜಿ ತನ್ನ ಅಂಗಡಿಗೆ ಬೀಗ ಹಾಕಿ ಮನೆಗೆ ಹೊರಟಾಗ ಓಣಿಯಲ್ಲಿ ಒಂದು ನಾಯಿಯೂ ಎಚ್ಚರವಿರಲಿಲ್ಲ. ಹಳೇ ಬಾವಿ ದಾಟಿದರೆ ಅವರ ಮನೆಯ ಹಿತ್ತಲ ಗೋಡೆ. ಗೋಡೆಯ ಆಚೆ ಅವನ ಅತ್ತಿಗೆಯ ಕೊಳ. ಬಾವಿಯ ಹತ್ತಿರ ಬಂದಾಗ ಕೇಳಿಸಿತು.

ಗುಳಕ್...

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಲ್ಲಿನ ಮೇಲೆ ನೀರು. ತೊಟ್... ತೊಟ್...

ಕಪ್ಪೆ ಹಾರಿದ್ದಲ್ಲ. ತೋಳು ಮುಳುಗಿಸಿ, ತಳವನ್ನೆಲ್ಲ ತಡಕಿ, ಏನೂ ಸಿಗದೆ ಬರಿಗೈ ಮೇಲೆತ್ತಿದ ಸದ್ದು ಅದು. ಚಿಕ್ಕಂದಿನಿಂದ ಕೇಳಿದ ಸದ್ದು, ಅವನಿಗೆ ಗುರುತು ಸಿಗದೆ ಇರುತ್ತದೆಯೆ? ಆದರೆ ಆ ಕೊಳದಲ್ಲಿ ಕೈಯಿಡುತ್ತಿದ್ದವಳು ಒಬ್ಬಳೇ. ಅವಳು ಕಣ್ಮುಚ್ಚಿ ತಿಂಗಳ ಮೇಲಾಗಿತ್ತು.

ಅವನು ನಿಂತಲ್ಲೇ ನಿಂತ. ಹೆದರಿಕೆಗಿಂತ ಮೊದಲು ಬಂದದ್ದು ನಾಚಿಕೆ. ಯಾಕೆಂದರೆ ಆ ಕೈ ಏನು ಹುಡುಕುತ್ತಿದೆ ಎಂದು ಅವನಿಗೆ ಗೊತ್ತಿತ್ತು.

ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಈ ಅತ್ತಿಗೆ. ಅವಳಿಗೆ ಮಕ್ಕಳಿರಲಿಲ್ಲ. ಅವನನ್ನು ಬಿಟ್ಟರೆ ಅವಳ ಅಕ್ಕರೆಯೆಲ್ಲ ಕೊಳದ ನೈದಿಲೆಯ ಮೇಲೆ. ಹಣ್ಣಾದ ಎಲೆಯನ್ನು ಎಳೆಯುತ್ತಿರಲಿಲ್ಲ. ನೀರೊಳಗೆ ಕತ್ತರಿ ಇಳಿಸಿ ಬುಡದಲ್ಲೇ ಕತ್ತರಿಸುತ್ತಿದ್ದಳು. ಪಾಚಿಯನ್ನು ಕಡ್ಡಿಗೆ ಸುತ್ತಿ ಸುತ್ತಿ, ನೂಲು ತೆಗೆದ ಹಾಗೆ ತೆಗೆಯುತ್ತಿದ್ದಳು. "ನೋಡ್ಕೋ, ನನ್ನದೂ ದರ್ಜಿ ಕೆಲಸಾನೇ. ನಿನ್ನ ಹಾಗೆ ಅಳತೆ ಮಾತ್ರ ತಪ್ಪಲ್ಲ," ಎಂದು ಅವನನ್ನು ಛೇಡಿಸುತ್ತಿದ್ದಳು.

ಅವಳು ಆಸ್ಪತ್ರೆಗೆ ಹೊರಡುವ ಮೊದಲು ಹೊಸ ಗೆಡ್ಡೆಯೊಂದನ್ನು ಕುಂಡದಲ್ಲಿ ನೆಟ್ಟಿದ್ದಳು. ಕುಂಡವನ್ನು ನೇರವಾಗಿ ತಳಕ್ಕೆ ಇಳಿಸುವಂತಿಲ್ಲ. ಎಳೇ ಎಲೆಗೆ ಅಷ್ಟು ನೀರು ಏರಿ ಬರುವ ಶಕ್ತಿ ಇರುವುದಿಲ್ಲ. ಅದಕ್ಕೆ ಒಂದರ ಮೇಲೊಂದು ಎರಡು ದಪ್ಪ ಇಟ್ಟಿಗೆ ಇಟ್ಟು, ಅದರ ಮೇಲೆ ಕುಂಡ ಕೂರಿಸಿದ್ದಳು.

"ಎಲೆ ಬಂದು ನೀರ ಮೇಲೆ ಮಲಗಿದ ಮೇಲೆ ಒಂದು ಇಟ್ಟಿಗೆ ತೆಗಿ. ಮತ್ತೆ ಎಲೆ ಮೇಲೆ ಬರ್ಲಿ, ಆಮೇಲೆ ಇನ್ನೊಂದು. ಅವಸರ ಮಾಡಬೇಡ ಕಂದಾ."

"ಆಯ್ತು ಅತ್ತಿಗೆ, ನಾನೇನು ಮಗುನಾ?"

ಅವಳು ಆಸ್ಪತ್ರೆ ಸೇರಿದ ಹೊತ್ತಿಗೆ ಅವನ ಅಂಗಡಿಯ ನೆಲ ಒಂದು ಪಕ್ಕ ಕುಸಿದಿತ್ತು. ಬಟ್ಟೆ ಕತ್ತರಿಸುವ ಮೇಜು ವಾಲಿ, ಎಳೆದ ಗೆರೆಯೆಲ್ಲ ಸೊಟ್ಟ. ಎರಡು ಕಾಲಿಗೆ ಕೊಡಲು ಒಂದೇ ಎತ್ತರದ ಎರಡು ಇಟ್ಟಿಗೆ ಬೇಕಿತ್ತು. ಬೇರೆಡೆ ಹುಡುಕಲು ಸೋಮಾರಿತನ. ಎಲೆ ಇನ್ನೂ ಬಂದಿರಲಿಲ್ಲ. ಎಲ್ಲಿದ್ದರೂ ನೀರು ನೀರೇ ತಾನೆ ಎಂದುಕೊಂಡು ಎರಡನ್ನೂ ಒಟ್ಟಿಗೆ ಎಳೆದುಕೊಂಡ. ಕುಂಡ ತಳ ಸೇರಿತು. ಕೆಲವು ದಿನಕ್ಕೆ ನೀರು ನಾತ ಹೊಡೆಯಿತು. ಗೆಡ್ಡೆ ಹಿಡಿದರೆ ಬೆರಳ ನಡುವೆ ಜಾರಿಹೋಯಿತು. ಗೋಡೆಯಾಚೆ ಎಸೆದು ಕೈ ತೊಳೆದುಕೊಂಡ.

ಆಸ್ಪತ್ರೆಯಲ್ಲಿ ಅವಳು ಕೇಳಿದ್ದು ಅದೊಂದೇ. "ಎಲೆ ಬಂತೇನೋ?"

"ಎಲೆ ಏನು, ಹೂವೇ ಬಿಟ್ಟಿದೆ ಅತ್ತಿಗೆ. ಬೆಳ್ಳಗೆ, ಇಷ್ಟು ದೊಡ್ಡದು."

ಅವಳು ಅವನನ್ನೇ ನೋಡಿದಳು. "ಇಷ್ಟು ಬೇಗನಾ..." ಎಂದಳು. ಆಮೇಲೆ ನಿಧಾನವಾಗಿ ಗೋಡೆಯ ಕಡೆ ಹೊರಳಿದಳು.

ಅವಳು ಹೋದಳು. ಸುಳ್ಳು ಉಳಿಯಿತು. ಬಂದವರ ಮುಂದೆ ಅವನೇ ಅದನ್ನು ಮತ್ತೆ ಮತ್ತೆ ಹೇಳಿದ. ಹೂವಿನ ಸುದ್ದಿ ಕೇಳಿಯೇ ಹೋದಳು ಪುಣ್ಯಾತ್ಗಿತ್ತಿ, ಮೈದುನ ಅಂದ್ರೆ ಹೀಗಿರಬೇಕು ಎಂದು ಜನ ಬೆನ್ನು ತಟ್ಟಿದರು. ಅವನ ಅಣ್ಣ ಮಾತ್ರ ಹೂವಿನ ಮಾತೇ ಎತ್ತಲಿಲ್ಲ. ಅನ್ನದ ಮುಂದೆ ಎದುರುಬದುರು ಕೂತರೆ ಇವನು ಅರ್ಧಕ್ಕೇ ಕೈ ತೊಳೆದು ಎದ್ದುಬಿಡುತ್ತಿದ್ದ.

ಗುಳಕ್...

ಮತ್ತೆ ಆ ಸದ್ದು. ಗೋಡೆಗೆ ಕೈ ಊರಿದ. ಗೋಡೆ ತಣ್ಣಗಿತ್ತು. ಆಚೆಯಿಂದ, ಕಿವಿಯ ಹತ್ತಿರವೇ, ಉಸಿರಿನಷ್ಟು ಸಣ್ಣ ದನಿ.

"ಎಲೆ ಬಂತೇನೋ?"

ಬಂತು ಎನ್ನಲು ಬಾಯಿ ತೆರೆದ.

"ಇಲ್ಲ ಅತ್ತಿಗೆ... ಕೊಳೆತು ಹೋಯ್ತು. ನಾನೇ ಇಟ್ಟಿಗೆ ತೆಗೆದೆ."

ಆ ಕಡೆ ಕಲ್ಲಿನ ಮೇಲೆ ನೀರು. ತೊಟ್... ತೊಟ್...

"ಹಾಗಾದ್ರೆ ತಗೊಂಡು ಬಾ."

ಅವನು ಅಂಗಡಿಗೆ ಓಡಿದ. ಮೇಜು ಎತ್ತಿ ಹಿಡಿದು ಒಂದೊಂದೇ ಇಟ್ಟಿಗೆ ಎಳೆದ. ಮೇಜು ಧಡ್ಡೆಂದು ವಾಲಿತು. ಸೀಮೆಸುಣ್ಣ ಉರುಳಿ ನೆಲಕ್ಕೆ ಬಿದ್ದು ಎರಡು ತುಂಡಾಯಿತು. ಬೀಗ ಜಡಿದು, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿ, ಇಟ್ಟಿಗೆಗಳನ್ನು ಎದೆಗವಚಿಕೊಂಡು ಹಿತ್ತಲಿಗೆ ಬಂದ. ಅಲ್ಲಿ ಯಾರೂ ಇರಲಿಲ್ಲ. ಕೊಳದ ಅಂಚಿನ ಕಲ್ಲು ಮಾತ್ರ ಒದ್ದೆ. ಸೊಂಟದವರೆಗೆ ನೀರಿಗಿಳಿದು ಇಟ್ಟಿಗೆ ಜೋಡಿಸಿ, ಖಾಲಿ ಕುಂಡವನ್ನು ಅದರ ಮೇಲೆ ಕೂರಿಸುತ್ತಿದ್ದಾಗ ಟಾರ್ಚಿನ ಬೆಳಕು ಬಿತ್ತು. ಅಣ್ಣ.

"ಏನೋ ಇದು, ಇಷ್ಟು ಹೊತ್ನಲ್ಲಿ?"

ನೀರಲ್ಲೇ ನಿಂತು ಎಲ್ಲ ಹೇಳಿದ. ತಲೆ ಎತ್ತಲಿಲ್ಲ.

ಅಣ್ಣ ಟಾರ್ಚು ಆರಿಸಿದ. "ಗೊತ್ತು," ಎಂದ. "ನಿನ್ನ ಅತ್ತಿಗೆ ಅವತ್ತೇ ಹೇಳಿದ್ಲು. ನೆಟ್ಟ ತಿಂಗಳಿಗೆ ಹೂವು ಎಲ್ಲಿಂದ ಬರುತ್ತೆ, ಪಾಪ, ಹೇಳೋಕೆ ನಾಚಿಕೆ ಅವನಿಗೆ. ಅವನಾಗಿ ಹೇಳೋ ತನಕ ಕೇಳಬೇಡಿ ಅಂದ್ಲು." ಅಂಚಿನಿಂದ ಬಗ್ಗಿ, "ಬಾ ಮೇಲೆ, ಚಳಿ ಹಿಡಿಯುತ್ತೆ," ಎಂದು ಕೈ ಕೊಟ್ಟ.

ಆ ಕೈ ಹಿಡಿಯುವುದಕ್ಕಿಂತ ನೀರಲ್ಲಿ ಮುಳುಗುವುದೇ ಸುಲಭ ಅನ್ನಿಸಿತಂತೆ ಅವನಿಗೆ.

ಇಷ್ಟೇ ಆಗಿದ್ದರೆ ಮನಸ್ಸಿನ ಭ್ರಮೆ ಎಂದು ನಾನೂ ಸುಮ್ಮನಾಗುತ್ತಿದ್ದೆ. ಬೆಳಿಗ್ಗೆ ಒಬ್ಬನೇ ಅಂಗಡಿ ತೆರೆಯಲು ಧೈರ್ಯ ಸಾಲದೆ ನನ್ನನ್ನು ಕರೆದುಕೊಂಡು ಹೋದ. ಬೀಗ ಹಾಕಿದ ಹಾಗೇ ಇತ್ತು, ಅವನೇ ತೆಗೆದ. ಸೀಮೆಸುಣ್ಣ ಎರಡು ತುಂಡಾಗಿ ನೆಲದ ಮೇಲೆ ಬಿದ್ದಿತ್ತು. ಮೇಜು ಮಾತ್ರ ವಾಲಿರಲಿಲ್ಲ. ನಾನು ಬಗ್ಗಿ ನೋಡಿದೆ. ಎರಡು ಕಾಲಿನ ಕೆಳಗೂ ಒಂದೊಂದು ಇಟ್ಟಿಗೆ. ಹಿತ್ತಲಿಗೆ ಹೋಗಿ ನೋಡಿ ಬಂದೆವು. ರಾತ್ರಿ ಅವನು ಇಟ್ಟ ಇಟ್ಟಿಗೆಗಳೆರಡೂ ಕುಂಡದ ಅಡಿಯಲ್ಲೇ ಇದ್ದವು.

ದೇವರನ್ನು ನಂಬಿ ಬಾಳಿದವನು ನಾನು, ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಏನು ಪಡೆಯಲಿ? ಈ ಕೈಯಿಂದಲೇ ಮುಟ್ಟಿದೆ. ಆ ಮೇಜಿನ ಕೆಳಗಿನ ಇಟ್ಟಿಗೆ ಒದ್ದೆಯಾಗಿತ್ತು, ಪಾಚಿ ಹಿಡಿದಿತ್ತು. ಒಂದರ ಬದಿಗೆ ಸಣ್ಣ ಬಸವನಹುಳು ಅಂಟಿಕೊಂಡಿತ್ತು. ಅದಿನ್ನೂ ಜೀವಂತವಾಗಿತ್ತು.